ಬೇಸ್ ಗಿಟಾರಿನ ಕಾಕಾ

ಅವರ ಎಡಗೈ ಯಾವಾಗಲೂ ಪ್ಯಾಂಟಿನ ಕಿಸೆಯಲ್ಲಿರುತ್ತಿತ್ತು. ಮಾತಾಡುವಾಗ, ನಡೆಯುವಾಗ, ಕಿರಾಣಿ ಅಂಗಡಿಯ ಮುಂದೆ ನಿಂತಾಗಲೂ ಅಷ್ಟೇ. ಚೀಲ ಹಿಡಿಯುವುದು, ಚಿಲ್ಲರೆ ತೆಗೆದುಕೊಳ್ಳುವುದು, ಎದುರಾದವರಿಗೆ ಕೈ ಎತ್ತುವುದು ಎಲ್ಲ ಬಲಗೈಯ ಕೆಲಸ. ದಾಂಡೇಲಿಯ ನಮ್ಮ ಕಾಲೊನಿಯ ಮಂದಿ ಅದನ್ನು ಕಂಡು, “ಗಿಟಾರ್ ಬಾರಸ್ತಾರ ನೋಡು, ಅದಕ್ಕ ಅಷ್ಟು ಠೀವಿ” ಎನ್ನುತ್ತಿದ್ದರು. ನಾನೂ ಬಹಳ ದಿನ ಹಾಗೆಯೇ ಅಂದುಕೊಂಡಿದ್ದೆ.

ಹೋದ ತಿಂಗಳು ಚಿಗಳ್ಳಿಯಿಂದ ಅವರ ಅಣ್ಣನ ಮಗ ಫೋನ್ ಮಾಡಿ, “ಅಕ್ಕಾರ, ಕಾಕಾ ಹೋದ್ರು” ಎಂದ. ಫೋನು ಇಟ್ಟ ಮೇಲೆ ಎಷ್ಟೋ ಹೊತ್ತು ನನ್ನ ಬಲಗೈಯ ಎರಡು ಬೆರಳು ಮೇಜಿನ ಅಂಚಿನ ಮೇಲೆ ತಾವಾಗಿಯೇ ಓಡಾಡುತ್ತಿದ್ದವು. ಆ ಓಡಾಟ ಕಲಿಸಿದವರು ಅವರೇ.

ಕಾಲೊನಿಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರು ಕಡಿಮೆ. ದೊಡ್ಡವರಿಗೂ ಸಣ್ಣವರಿಗೂ ಅವರು ಕಾಕಾ, ಅವರ ಹೆಂಡತಿ ಕಾಕು. ನಾನಿಲ್ಲಿ ಹೆಸರು ಬರೆದರೆ ಯಾರೋ ಬೇರೆಯವರ ಕುರಿತು ಬರೆದಂತಾದೀತು.

ಅವರು ಕಾಗದದ ಮಿಲ್ಲಿನಲ್ಲಿ ಹಾಳೆ ಎಣಿಸುವವರು. ಕತ್ತರಿಸಿಟ್ಟ ಹಾಳೆಗಳ ಮೂಲೆಯನ್ನು ಎಡಗೈಯಲ್ಲಿ ಹಿಡಿದು ಬೀಸಣಿಗೆಯಂತೆ ಬಿಡಿಸಿ, ಬಲಗೈಯ ಬೆರಳುಗಳಿಂದ ಐದೈದು ಹಾಳೆ ತಳ್ಳುತ್ತ ಹೋಗುವುದು ಅವರ ಕೆಲಸ. ಐನೂರು ಹಾಳೆ ಎಣಿಸುವುದರೊಳಗೆ ಪಕ್ಕದವರು ಒಂದು ಎಲೆ ಅಡಿಕೆ ಮಡಿಸಿ ಮುಗಿಸಿರುತ್ತಿರಲಿಲ್ಲವಂತೆ. ತಪ್ಪು ಬಂದದ್ದೇ ಇಲ್ಲ ಎಂದು ನಮ್ಮ ಅಪ್ಪ ಹೇಳುತ್ತಿದ್ದರು. ಅಪ್ಪನೂ ಅದೇ ಮಿಲ್ಲಿನವರು, ನವಲಗುಂದದ ಕಡೆಯಿಂದ ಬಂದವರು. ಹಾಡಲು ನಾನು ಅವರ ಜೊತೆ ಸೇರುವ ಹೊತ್ತಿಗೆ ಕಾಕಾ ಆ ಕೆಲಸ ಬಿಟ್ಟು, ತಾವೇ ಕೇಳಿಕೊಂಡು, ರಜಿಸ್ಟರ್ ಬರೆಯುವ ಕುರ್ಚಿಗೆ ಹೋಗಿದ್ದರು. ಅಂಥ ಎಣಿಕೆಯ ಮನುಷ್ಯ ಯಾಕೆ ಕೆಲಸ ಬದಲಿಸಿದರೆಂದು ಯಾರೂ ಕೇಳಲಿಲ್ಲ.

ಅವರಂಥ ಚಿಂತೆಯ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ. ಹತ್ತು ಗಂಟೆಯ ಬಸ್ಸಿಗೆ ಒಂಬತ್ತಕ್ಕೇ ಸ್ಟ್ಯಾಂಡಿನಲ್ಲಿ. ಮನೆಗೆ ಕೀಲಿ ಹಾಕಿ ನಾಲ್ಕು ಹೆಜ್ಜೆ ಬಂದು, ಮತ್ತೆ ಹೋಗಿ ಜಗ್ಗಿ ನೋಡುವುದು. ಕಾರ್ಯಕ್ರಮದ ದಿನ ಅವರ ಚೀಲದಲ್ಲಿ ಫ್ಯೂಸ್ ತಂತಿ, ಕಪ್ಪು ಟೇಪು, ಮೇಣದಬತ್ತಿ, ಸೂಜಿದಾರ, ಶುಂಠಿ ಪೆಪ್ಪರಮಿಂಟು. ವೇದಿಕೆ ಹತ್ತುವ ಮುಂಚೆ ಒಬ್ಬೊಬ್ಬರ ಹತ್ತಿರವೂ ಬಂದು ಗುಟ್ಟಾಗಿ ಕೇಳುತ್ತಿದ್ದರು: “ಹೊಟ್ಟಿ ನೆಟ್ಟಗೈತಿಲ್ಲೋ?”

ನಮ್ಮದು ಆರು ಜನರ ಆರ್ಕೆಸ್ಟ್ರಾ. ಕೀಬೋರ್ಡು ಬಾರಿಸುವ ಸದಾನಂದನೇ ಅದರ ಯಜಮಾನ. ಕಾಕಾ ಬೇಸ್ ಗಿಟಾರ್. ನಾನು ಹಗಲು ವಕೀಲರೊಬ್ಬರ ಆಫೀಸಿನಲ್ಲಿ ಟೈಪ್ ಮಾಡುತ್ತಿದ್ದೆ, ಆರ್ಕೆಸ್ಟ್ರಾದಲ್ಲಿ ಕೋರಸ್ ಹಾಡುತ್ತಿದ್ದೆ. ಮದುವೆ, ಸೀಮಂತ, ಕಾಲೊನಿಯ ಗಣಪತಿ, ಹಳಿಯಾಳದ ಮರಾಠಿ ಮನೆಗಳ ಬಾರಸೆ ಎನ್ನುವ ನಾಮಕರಣ, ಹೀಗೆ ಕರೆದಲ್ಲಿಗೆ ಹೋಗುತ್ತಿದ್ದೆವು. ಹಳೆಯ ಸಿನಿಮಾ ಹಾಡು, ಭಾವಗೀತೆ, ನಾಲ್ಕು ಅಭಂಗ, ಜೋಯಿಡಾದ ಕಡೆ ಹೋದರೆ ಎರಡು ಕೊಂಕಣಿ ಹಾಡು.

ಒಂದು ಮಳೆಗಾಲ ಕಳೆಯುವುದರಲ್ಲಿ ನಮ್ಮ ಬೇಸ್ ಗಿಟಾರಿನ ಕುತ್ತಿಗೆ ಥಂಡಿಗೆ ತಿರುಚಿಕೊಂಡಿತು. ಎಷ್ಟು ಶ್ರುತಿ ಮಾಡಿದರೂ ಎರಡು ಹಾಡಿಗೆ ಇಳಿದುಬಿಡುವುದು. ಹೊಸದು ಕೊಳ್ಳೋಣವೆಂದು ಎಲ್ಲರೂ ಒಪ್ಪಿದರು. ಹುಬ್ಬಳ್ಳಿಯ ಆರ್ಕೆಸ್ಟ್ರಾ ಪಾರ್ಟಿಗಳು ಹಿಡಿಯುವಂಥ ಐದು ತಂತಿಯದು, ಹೊಳೆಯುವಂಥದ್ದು ಬೇಕೆಂದು ಸದಾನಂದನ ಹಟ. “ನೋಡಿದ ಕೂಡಲೇ ಮಂದಿ ಅಬ್ಬಾ ಅನಬೇಕ್ರೀ ಕಾಕಾ.”

“ಮಂದಿ ಕಣ್ಣು ಮುಚ್ಚಿದಾಗ ಅಬ್ಬಾ ಅನಬೇಕಪಾ,” ಎಂದರು ಕಾಕಾ. “ಆರಸೂದು ನನಗ ಬಿಡ್ರಿ.”

ಆ ಸಂಜೆ ಅವರು ನಮ್ಮ ಮನೆಗೆ ಬಂದರು. ಅಪ್ಪನ ಎದುರು ಕೂತು, ನೆಲ ನೋಡುತ್ತ, “ನಿಮ್ಮ ಮಗಳನ್ನ ಮಡಗಾಂವಕ್ಕ ಕರಕೊಂಡು ಹೋಗ್ತೇನ್ರಿ. ಬೆಳಿಗ್ಗಿ ಬಸ್ಸಿಗಿ ಹೋಗಿ ಸಂಜೀಕ ಬರ್ತೇವಿ. ಗಿಟಾರ್ ಆರಸೂದೈತಿ. ನಮ್ಮಾಕಿನೂ ಬರ್ತಾಳ,” ಎಂದರು.

ಅಪ್ಪನಿಗೆ ಅರ್ಥವಾಗಲಿಲ್ಲ. “ಈಕಿ ಯಾತಕ್ರೀ? ಈಕಿಗಿ ಗಿಟಾರ್ ಏನು ಗೊತ್ತೈತಿ?”

“ಆಕೀ ಕಾಲು ತಾಳ ತಪ್ಪೂದಿಲ್ರಿ. ಕೋರಸ್ ಹಾಡೂವಾಗ ನಾ ನೋಡೇನಿ. ಸದಾನಂದ ಓಡಿದ್ರೂ ಆಕೀ ಕಾಲು ಓಡೂದಿಲ್ಲ.”

ಅಂದರೆ ಏನೆಂದು ಅವರು ಬಿಡಿಸಿ ಹೇಳಲಿಲ್ಲ. ಅಪ್ಪ ಹೂಂ ಎಂದರು.

ಬಸ್ಸಿನಲ್ಲಿ ಕಾಕು ಕಿಟಕಿಗೆ ತಲೆಯಿಟ್ಟು ನಿದ್ದೆ ಹೋದರು. ರಾಮನಗರ ದಾಟಿ ಘಟ್ಟ ಇಳಿಯುವವರೆಗೂ ಕಾಕಾ ಒಂದೇ ಸಮನೆ ಚಿಂತೆ ಹೇಳುತ್ತ ಹೋದರು. ಅಂಗಡಿ ಮುಚ್ಚಿದ್ದರೆ? ಅಂಗಡಿಯವ ತೀರಿಕೊಂಡಿದ್ದರೆ? ಒಳ್ಳೆಯದು ನಿನ್ನೆಯೇ ಮಾರಿಹೋಗಿದ್ದರೆ? ನಮ್ಮ ಕೈಯಲ್ಲಿದ್ದಷ್ಟಕ್ಕೆ ಹೊಸದು ಬೇಕೆಂದರೆ ಪೊಳ್ಳು ಮರದ್ದು, ಗಟ್ಟಿಯದು ಬೇಕೆಂದರೆ ಹಳೆಯದು. ಹಳೆಯದು ತಂದರೆ ಹುಡುಗರು ಮುಖ ಸಿಂಡರಿಸುತ್ತಾರೆ. ಹೊಸದು ತಂದರೆ ಮುಂದಿನ ಮಳೆಗಾಲಕ್ಕೆ ಅದೂ ತಿರುಚುತ್ತದೆ.

ಅಂಗಡಿ ಮುಚ್ಚಿರಲಿಲ್ಲ. ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ಒಬ್ಬ ಮುದುಕ ಪಿಟೀಲು, ಗಿಟಾರು ರಿಪೇರಿ ಮಾಡಿಕೊಂಡು, ಹೋಟೆಲಿನ ಬ್ಯಾಂಡುಗಳು ಬಿಟ್ಟ ವಾದ್ಯಗಳನ್ನು ಮಾರುತ್ತಿದ್ದ. ಗೋಡೆಗೆ ಮೂರು ಬೇಸ್ ಗಿಟಾರು ತೂಗುಬಿದ್ದಿದ್ದವು. ಒಂದು ಕೆಂಪಗೆ, ಕನ್ನಡಿಯ ಹಾಗೆ ಹೊಳೆಯುವ ಹೊಚ್ಚ ಹೊಸದು, ಐದು ತಂತಿಯದು. ಇನ್ನೊಂದು ಕಪ್ಪು, ಎತ್ತಿದರೆ ಹೆಗಲು ಇಳಿಯುವಷ್ಟು ಭಾರ. ಮೂರನೆಯದು ಕಂದು ಬಣ್ಣದ್ದು, ನಾಲ್ಕೇ ತಂತಿ, ಕುತ್ತಿಗೆ ಉಳಿದವಕ್ಕಿಂತ ಗೇಣಿನಷ್ಟು ಗಿಡ್ಡ. ಬಲಗೈ ಊರುವ ಜಾಗದಲ್ಲಿ ಬಣ್ಣ ಸವೆದು ಮರ ಕಾಣುತ್ತಿತ್ತು.

ಮುದುಕ ಕೊಂಕಣಿಯಲ್ಲಿ ಯಾವ ಥರದ ಸಂಗೀತಕ್ಕೆ ಎಂದು ಕೇಳಿದ. ಕಾಕಾ ಅರ್ಧ ಕೊಂಕಣಿ ಅರ್ಧ ಮರಾಠಿಯಲ್ಲಿ ಬಹಳ ಹೊತ್ತು ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ ಅದನ್ನೇ ಕನ್ನಡದಲ್ಲಿ ಹೇಳಿದರು. “ನಮ್ಮವು ಸಾವಕಾಶ ಹಾಡು ತಂಗಿ. ತಂತಿ ಕಟಕಟ ಅನಬಾರದು. ತಬಲಾದ ಡಗ್ಗಾದ ಮ್ಯಾಲ ಅಂಗೈ ಜಾರಿಸಿದಂಗ ದುಂಡಗ ಬರಬೇಕು. ಡಿಸ್ಕೋ ಬಾರಸವ್ರಿಗಿ ಕೆಂಪಂದು ಚಲೋ. ನಮಗ ಅಲ್ಲ.”

ಮುದುಕ ಕಂದು ಗಿಟಾರನ್ನು ಇಳಿಸಿ ಅವರತ್ತ ಚಾಚಿದ.

“ಆಕೀ ಕೈಯಾಗ ಕೊಡ್ರಿ,” ಎಂದರು ಕಾಕಾ.

ನಾನು ಹಿಡಿದುಕೊಂಡೆ. ಅವರು ಒಂದೊಂದಾಗಿ ಹೇಳಿದರು, ನಾನು ಮಾಡಿದೆ. ಗಿಟಾರನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಕುತ್ತಿಗೆಯ ಉದ್ದಕ್ಕೂ ನೋಡಬೇಕು, ನೇಗಿಲ ಸಾಲು ನೋಡಿದ ಹಾಗೆ. ತಂತಿಯನ್ನು ಎರಡೂ ತುದಿಯಲ್ಲಿ ಒತ್ತಿ ಹಿಡಿದಾಗ ನಡುವೆ ತಂತಿಯ ಕೆಳಗೆ ಒಂದು ಕಾಗದ ತೂರುವಷ್ಟೇ ಸಂದು ಇರಬೇಕು. ಕುತ್ತಿಗೆಯ ಮೇಲಿನ ಒಂದೊಂದು ಲೋಹದ ಪಟ್ಟಿಯ ಹತ್ತಿರವೂ ಒತ್ತಿ ಬಾರಿಸಿ, ಎಲ್ಲಿಯೂ ಟರ್ ಎನ್ನುವುದಿಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು. ಸದ್ದಿನ ಪೆಟ್ಟಿಗೆಗೆ ವಾಯರು ಚುಚ್ಚಿ ಗುಂಡಿಗಳನ್ನು ತಿರುಗಿಸಿದಾಗ ಕರಕರ ಬರಬಾರದು. ತೂಗುಪಟ್ಟಿ ಹೆಗಲಿಗೆ ಹಾಕಿ ಕೈ ಬಿಟ್ಟಾಗ ಕುತ್ತಿಗೆ ನೆಲಕ್ಕೆ ಬಾಗಬಾರದು. ಕಂದು ಗಿಟಾರು ಎಲ್ಲದರಲ್ಲೂ ಪಾಸಾಯಿತು. ಗಿಡ್ಡ ಕುತ್ತಿಗೆಯಾದ್ದರಿಂದ ನನ್ನ ಬೆರಳು ಕೊನೆಯ ಪಟ್ಟಿಯವರೆಗೂ ಹೋದವು.

ಮುದುಕನಿಗೆ ಇದು ಸಮಾಧಾನವಾಗಲಿಲ್ಲ. ಬಾರಿಸುವವರು ನೀವು, ನೀವೊಂದು ಸಲ ಬಾರಿಸಿ ಎಂದು ಕಾಕಾನ ಕೈಗೆ ಕೊಟ್ಟೇಬಿಟ್ಟ.

ಎಡಗೈ ಕಿಸೆಯಿಂದ ಹೊರಬಂತು. ಬೆರಳು ತಂತಿ ಒತ್ತಿದವು. ಎಲ್ಲಿಯೂ ಟರ್ ಎನ್ನದಿದ್ದ ಗಿಟಾರು ಈಗ ಪ್ರತಿ ಪಟ್ಟಿಯಲ್ಲೂ ಟರ್ ಎಂದಿತು. ಮುದುಕ ಮೊದಲು ಗಿಟಾರನ್ನು ನೋಡಿದ, ಆಮೇಲೆ ಕೈಯನ್ನು ನೋಡಿದ, ಆಮೇಲೆ ಬೇರೆ ಕಡೆ ಮುಖ ತಿರುಗಿಸಿ ಅದನ್ನು ಸುತ್ತಲು ಹಳೆಯ ಬೆಡ್‌ಶೀಟು ಹುಡುಕತೊಡಗಿದ. ಕಾಕು ನನ್ನ ಮೊಣಕೈ ಹಿಡಿದು, “ಏನೂ ಕೇಳಬ್ಯಾಡವಾ,” ಎಂದರು.

ಹಣ ಕೊಟ್ಟು, ಗಂಟು ಹೊತ್ತು, ಬಸ್ಸು ಹತ್ತಿದೆವು. ಘಟ್ಟ ಹತ್ತಿ ಬಂದ ಮೇಲೆ ಗಡಿಯ ಗೇಟಿನಲ್ಲಿ ಬಸ್ಸು ನಿಂತಿತು. ಗೋವಾದ ಬಾಟಲಿ ಹುಡುಕಲು ಪೊಲೀಸಿನವರು ಹತ್ತಿದರು. ಒಬ್ಬ ಪೇದೆ ಬೆಡ್‌ಶೀಟಿನ ಗಂಟು ಬಿಚ್ಚಿಸಿ ನೋಡಿದ. ಗಂಟು ಬಿಚ್ಚುತ್ತಿದ್ದ ಕಾಕಾನ ಕೈಯನ್ನೂ ನೋಡಿದ.

“ಯಾಕ್ರೀ ಹಿರಿಯಾರ, ಕೈ ಹಂಗ್ಯಾಕ ನಡಗತೈತಿ? ಎಷ್ಟು ಏರಿಸೀರಿ?”

“ಒಂದ ಹನೀನೂ ಇಲ್ರಿ ಸಾಹೇಬ್ರ.”

“ಉಸರ ಬಿಡ್ರಿ ನೋಡೂಣು.”

ಬಸ್ಸಿನ ಮಂದಿಯೆಲ್ಲ ತಿರುಗಿ ನೋಡುತ್ತಿದ್ದರು. ಅರವತ್ತರ ಹತ್ತಿರದ ಮನುಷ್ಯ, ಹೆಂಡತಿಯ ಪಕ್ಕ ಎದ್ದು ನಿಂತು, ಬಾಯಿ ತೆರೆದು ಆ ಹುಡುಗನ ಮುಖಕ್ಕೆ ಉಸಿರು ಬಿಟ್ಟರು. ಪೇದೆಗೇ ನಾಚಿಕೆಯಾಯಿತು. “ತಪ್ಪ ತಿಳಕೋಬ್ಯಾಡ್ರಿ, ನಮ್ಮ ಕೆಲಸ,” ಎಂದು ಇಳಿದುಹೋದ.

ಜಗಲಬೇಟ ಬಂತು. ಆಮೇಲೆ ಕಾಕಾ ಕಿಟಕಿಯ ಹೊರಗೆ ನೋಡುತ್ತಲೇ ಶುರು ಮಾಡಿದರು. “ವರ್ಷದ ಮ್ಯಾಲಾತು ತಂಗಿ. ಮೊದಲ ಒಂದ ಬೆರಳು ನಡಗತಿತ್ತು. ಈಗ ಪೂರಾ ಕೈ. ಬಾರಸೂವಾಗ ತಪ್ಪಿದ್ದೆಲ್ಲಾ ಹಳೇ ಗಿಟಾರಿನ ಮ್ಯಾಲ ಹೋತು. ಡಾಕ್ಟರಿಗಿ ತೋರಸಿಲ್ಲ. ತೋರಸಿದ್ರ ಏನಾರ ಹೆಸರು ಹೇಳ್ತಾರ, ಆ ಹೆಸರಿನ ಅಂಜಿಕಿ ನನಗ. ಸದಾನಂದಗ ನಾ ಕುಡೀತೇನಿ ಅಂತ ಸಂಶೇ ಐತಿ. ಈಗ ಪೊಲೀಸಗೂ ಬಂತು.”

ಆಮೇಲೆ ನಿಜವಾದ ಚಿಂತೆ ಹೊರಗೆ ಹಾಕಿದರು. ಮಾಘದಲ್ಲಿ ಚಿಗಳ್ಳಿಯಲ್ಲಿ ಅವರ ಅಣ್ಣನ ಮಗಳ ಮದುವೆ, ಅದಕ್ಕೆ ನಮ್ಮದೇ ಆರ್ಕೆಸ್ಟ್ರಾ. ಮೂವತ್ತು ವರ್ಷದ ಹಿಂದೆ ಇದೇ ಅಣ್ಣ, ‘ಹಾಡೂ ಮಂದಿ ಬೆನ್ನ ಹತ್ತಿ ಹೋದಾವ ಕುಡದ ಸಾಯ್ತಾನ’ ಎಂದು ಊರ ಮುಂದೆ ಅಂದು ಇವರನ್ನು ಮನೆಯಿಂದ ಕಳಿಸಿದ್ದರಂತೆ. ಆಮೇಲೆ ಹಬ್ಬಕ್ಕೆ ಬಂದುಹೋಗುವ ಬಳಕೆ ಉಳಿದಿತ್ತು, ಮಾತು ಉಳಿದಿರಲಿಲ್ಲ. ಈಗ ಅಣ್ಣನೇ ಆಳು ಕಳಿಸಿ, ‘ತಮ್ಮನ ಪಾರ್ಟೀನ ಆಗಬೇಕು’ ಎಂದಿದ್ದರು.

“ಅವನ ಎದುರಿಗಿ ನನ್ನ ಕೈ ನಡಗಿದ್ರ? ಮೂವತ್ತು ವರ್ಷದ ಮ್ಯಾಲ ಅಂವನ ಮಾತು ಖರೇ ಆದಂಗಾಗತೈತಿ. ನೀ ಬಾರಸ್ತೀಯೇನು? ನಾ ಪಕ್ಕದಾಗ ನಿಂದರತೇನಿ. ಯಾರಿಗೂ ಹೇಳಬ್ಯಾಡ.”

ಇಲ್ಲ ಎನ್ನುವ ಧೈರ್ಯ ನನಗಿರಲಿಲ್ಲ. ಹೂಂ ಎನ್ನುವ ಧೈರ್ಯವೂ ಇರಲಿಲ್ಲ. ಮಾಘಕ್ಕೆ ಹತ್ತು ವಾರ ಇತ್ತು.

ನಾವು ತಂದದ್ದನ್ನು ನೋಡಿ ಸದಾನಂದ, “ಇದೇನ್ರೀ, ಮ್ಯೂಸಿಯಂದಾಗಿಂದ ತಂದೀರೇನು?” ಎಂದ. ಮರುದಿನದಿಂದ ಆಫೀಸು ಬಿಟ್ಟ ಕೂಡಲೇ ನಾನು ಅವರ ಕ್ವಾರ್ಟರ್ಸಿನ ಹಿಂದಿನ ಪಡಸಾಲೆಗೆ ಹೋಗತೊಡಗಿದೆ. ಕಾಕಾ ನನಗೆ ಹಾಡು ಕಲಿಸುತ್ತಾರೆಂದು ಮನೆಯಲ್ಲಿ ಅವ್ವ ತಿಳಿದಿದ್ದಳು. ಅಲ್ಲಿ ಕಲಿಸುವುದೆಂದರೆ ಎಣಿಸುವುದು. ಕಾಕಾ ಬಾಯಲ್ಲಿ ಹಾಡಿಕೊಳ್ಳುತ್ತ ಬಲಗೈಯಿಂದ ಮರದ ಸ್ಟೂಲಿಗೆ ಬಡಿಯುತ್ತಿದ್ದರು. ನನ್ನ ಬೆರಳ ತುದಿ ಮೊದಲ ವಾರ ಬೊಬ್ಬೆ ಬಂದು ಒಡೆದವು. ಟೈಪ್ ಮಾಡುವಾಗ ಕೀಲಿಗಳಿಗೆಲ್ಲ ರಕ್ತ ಹತ್ತುತ್ತಿತ್ತು. ಕಾಕು ಅರಿಶಿನ ಎಣ್ಣೆ ಹಚ್ಚಿ ಬಟ್ಟೆ ಕಟ್ಟುತ್ತಿದ್ದರು.

“ಹೆಚ್ಚು ಬಾರಸಬ್ಯಾಡ,” ಎನ್ನುತ್ತಿದ್ದರು ಕಾಕಾ. “ಹಾಡವ್ರ ಕಾಲ ಕೆಳಗ ನೆಲ ಇದ್ದಂಗ ನಾವು. ನೆಲ ಕುಣೀಬಾರದು.” ಒಂದು ಒತ್ತು ತಪ್ಪಿದರೆ ಬೈಯುತ್ತಿರಲಿಲ್ಲ. ಎದ್ದು ಅಂಗಳಕ್ಕೆ ಹೋಗಿ, ಪೇರಲ ಗಿಡದ ಸುತ್ತ ಒಂದು ಸುತ್ತು ಹಾಕಿ ಬಂದು, “ಮತ್ತ ಮೊದಲಿಂದ,” ಎನ್ನುತ್ತಿದ್ದರು. ಆ ಸುತ್ತಿಗೆ ನಾನು ಬೈಗುಳಕ್ಕಿಂತ ಹೆಚ್ಚು ಹೆದರುತ್ತಿದ್ದೆ. ಕೆಲವು ದಿನ ಅವರು ಇಪ್ಪತ್ತು ಸಲ ಸುತ್ತಿದ್ದುಂಟು.

ಮದುವೆಯ ದಿನ ಟೆಂಪೋದಲ್ಲಿ ನಸುಕಿಗೇ ಹೊರಟೆವು. ಹಳಿಯಾಳದಲ್ಲಿ ಚಹಾಕ್ಕೆ ಇಳಿದಾಗ ಕಾಕಾ ಇಳಿಯಲಿಲ್ಲ. ಚಿಗಳ್ಳಿ ಮುಟ್ಟುವವರೆಗೂ ಗಿಟಾರಿನ ಗಂಟನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಎರಡೂ ಕೈ ಅದರಡಿಗೆ ಅಡಗಿಸಿ ಕೂತಿದ್ದರು. ಸದಾನಂದನಿಗೆ ಇನ್ನೂ ಏನೂ ಗೊತ್ತಿರಲಿಲ್ಲ. ಮೊದಲ ಹಾಡಿಗೆ ಕಾಕಾ ಗಿಟಾರು ಹಿಡಿದು ಸುಮ್ಮನೆ ನಿಲ್ಲುವುದು, ಎರಡನೆಯ ಹಾಡಿಗೆ ಬೆನ್ನು ನೋವೆಂದು ನನಗೆ ಕೊಡುವುದು, ಇಷ್ಟೇ ನಮ್ಮ ಹೂಟ.

ಅಣ್ಣ ಚಪ್ಪರದ ಬಾಗಿಲಲ್ಲೇ ನಿಂತಿದ್ದರು. ಎತ್ತರದ ಆಳು, ಬಿಳಿ ರುಮಾಲು, ಮೀಸೆ. ತಮ್ಮನನ್ನು ನೋಡಿ, “ಬಂದಿ?” ಎಂದರು. “ಬಂದೆ,” ಎಂದರು ಕಾಕಾ. ಯಾರೋ ಶರಬತ್ತಿನ ಗ್ಲಾಸು ತಂದು ಇಬ್ಬರಿಗೂ ಕೊಟ್ಟರು. ಬಲಗೈಯಲ್ಲಿ ಗಿಟಾರು ಹಿಡಿದಿದ್ದ ಕಾಕಾ ಎಡಗೈಯಲ್ಲಿ ಗ್ಲಾಸು ತೆಗೆದುಕೊಳ್ಳಲೇಬೇಕಾಯಿತು. ಅರ್ಧ ಶರಬತ್ತು ಅಂಗಿಯ ಮೇಲೆ, ಇನ್ನರ್ಧ ಅಣ್ಣನ ಧೋತರದ ಮೇಲೆ. ಹಿಂದೆ ನಿಂತಿದ್ದ ಬೀಗರಲ್ಲಿ ಒಬ್ಬರು ಮೂಗಿಗೆ ಟವೆಲ್ಲು ಅಡ್ಡ ಹಿಡಿದು ನಕ್ಕರು. ಅಣ್ಣನ ಮುಖ ಕಲ್ಲಾಯಿತು. ಮುಂದಿನ ಸಾಲಿನ ಕುರ್ಚಿಗೆ ಹೋಗಿ ಕೂತರು.

ಮುಹೂರ್ತದ ಅಕ್ಕಿಕಾಳು ಬಿತ್ತು, ಊಟದ ಪಂಕ್ತಿ ಹಾಕುತ್ತಿದ್ದರು. ನಾವು ವೇದಿಕೆ ಹತ್ತಿದೆವು. ಸದಾನಂದ ಶ್ರುತಿ ಕೊಟ್ಟ. ಆಗ ಕಾಕಾ ಹೂಟವನ್ನು ಮರೆತವರಂತೆ ನೇರ ಮೈಕಿನ ಹತ್ತಿರ ಹೋದರು. ಅವರು ಮೈಕಿನಲ್ಲಿ ಮಾತಾಡಿದ್ದನ್ನು ನಾನು ಅದಕ್ಕೂ ಮುಂಚೆ ಕೇಳಿರಲಿಲ್ಲ.

“ಎಲ್ಲಾರಿಗೂ ಶರಣ್ರಿ. ನನ್ನ ಕೈ ನಡಗತೈತಿ.” ಎಡಗೈಯನ್ನು ಎಲ್ಲರಿಗೂ ಕಾಣುವಂತೆ ಮೇಲೆ ಎತ್ತಿದರು. ಅದು ಗಾಳಿಗೆ ಸಿಕ್ಕ ಎಲೆಯ ಹಾಗೆ ಅಲುಗುತ್ತಿತ್ತು. “ಇದು ಕುಡದದ್ದಲ್ಲ, ಬ್ಯಾನಿ. ಜೀವಮಾನದಾಗ ಮುಟ್ಟಿಲ್ಲ. ನಮ್ಮ ಅಣ್ಣ ಇಲ್ಲೇ ಕುಂತಾನ, ಅವನ ಮುಂದ ನಾ ಸುಳ್ಳ ಹೇಳಂಗಿಲ್ಲ. ಇವತ್ತ ಈ ತಂಗಿ ಬಾರಸ್ತಾಳ. ತಪ್ಪಿದ್ರ ಕಲಿಸಿದಾವ ನಾನು, ನನಗ ಅನ್ರಿ.”

ಗಿಟಾರಿನ ಪಟ್ಟಿಯನ್ನು ನನ್ನ ಹೆಗಲಿಗೆ ಹಾಕಿ ಅವರು ವೇದಿಕೆ ಇಳಿದರು. ಪಕ್ಕದಲ್ಲಿ ನಿಲ್ಲುತ್ತೇನೆಂದವರು ನಿಲ್ಲಲಿಲ್ಲ. ಸದಾನಂದ ಬಾಯಿ ತೆರೆದು ನನ್ನನ್ನೇ ನೋಡುತ್ತಿದ್ದ. ಚಪ್ಪರದಲ್ಲಿ ತಟ್ಟೆಗಳ ಸದ್ದೂ ನಿಂತಿತ್ತು. ನಾನು ಕಾಲು ಬಡಿದು ನಾಲ್ಕು ಎಣಿಸಿದೆ. ಮೊದಲ ಹಾಡಿನಲ್ಲಿ ಎರಡು ಕಡೆ ತಪ್ಪಿದೆ. ಎರಡನೆಯದರಲ್ಲಿ ಒಂದು ಕಡೆ. ಆಮೇಲೆ ಯಾವಾಗಲೋ ಸದಾನಂದನ ಭುಜ ಸಡಿಲವಾದದ್ದು ಕಣ್ಣಂಚಿಗೆ ಕಾಣಿಸಿತು. ಹಾಡಿನ ನಡುವೆ ಅವನು ನನ್ನ ಕಡೆ ಬಾಗಿ, “ಈ ಗಿಟಾರ್ ದನಿ ಚಲೋ ಐತಿ ನೋಡ,” ಎಂದ. ನಾನು ಕೆಳಗೆ ಕಾಕಾನನ್ನು ಹುಡುಕಿದೆ. ಕಾಣಲಿಲ್ಲ. ಮುಂದಿನ ಸಾಲಿನಲ್ಲಿ ಅಣ್ಣನ ಕುರ್ಚಿಯೂ ಖಾಲಿ ಇತ್ತು.

ಎಲ್ಲ ಮುಗಿದ ಮೇಲೆ ಅಣ್ಣ ತಮ್ಮ ಇಬ್ಬರೂ ಹಿತ್ತಲ ಕಡೆಯಿಂದ ಬಂದರು. ಕಾಕಾನ ಕಣ್ಣು ಕೆಂಪಗಾಗಿದ್ದವು. “ಚಲೋ ಆತು ತಂಗಿ,” ಎಂದಷ್ಟೇ ಹೇಳಿದರು. ಮರುದಿನ ಅವರು ನಮ್ಮ ಜೊತೆ ದಾಂಡೇಲಿಗೆ ಬರಲಿಲ್ಲ. ಅಣ್ಣ ಅವರನ್ನು ಹುಬ್ಬಳ್ಳಿಗೆ ದೊಡ್ಡ ಡಾಕ್ಟರರ ಹತ್ತಿರ ಕರೆದುಕೊಂಡು ಹೋಗಿದ್ದರು. ಡಾಕ್ಟರು ಬೇನೆಯ ಹೆಸರು ಹೇಳಿದರಂತೆ. ಗುಳಿಗೆ ಕೊಟ್ಟರಂತೆ. ನಡುಕ ಕಡಿಮೆಯಾಯಿತು, ಆದರೆ ಅವರು ಮತ್ತೆ ವೇದಿಕೆ ಹತ್ತಲಿಲ್ಲ. ನಿವೃತ್ತಿಯಾದ ಮೇಲೆ ಕಾಕುವಿನ ಜೊತೆ ಚಿಗಳ್ಳಿಗೇ ಹೋದರು.

ನಾನು ನಾಲ್ಕು ವರ್ಷ ಬಾರಿಸಿದೆ. ಆಮೇಲೆ ಮದುವೆಯಾಗಿ ಮುಂಡಗೋಡಕ್ಕೆ ಬಂದೆ. ಡಿಜೆ ಪೆಟ್ಟಿಗೆಗಳು ಬಂದ ಮೇಲೆ ಆರ್ಕೆಸ್ಟ್ರಾವೂ ಒಡೆಯಿತು, ಗಿಟಾರು ನನ್ನ ಹತ್ತಿರ ಉಳಿಯಿತು.

ಹೋದ ವರ್ಷ ದೀಪಾವಳಿ ಮುಗಿದ ಮೇಲೆ ಅದನ್ನು ಹೊತ್ತುಕೊಂಡು ಚಿಗಳ್ಳಿಗೆ ಹೋಗಿದ್ದೆ. ಮಧ್ಯಾಹ್ನ. ಕಾಕಾ ಪಡಸಾಲೆಯ ಹೊರಸಿನ ಮೇಲೆ ಮಲಗಿದ್ದರು. ದನಿ ಇಳಿದುಹೋಗಿತ್ತು, ಬಾಯಿಗೆ ಕಿವಿ ಕೊಟ್ಟು ಕೇಳಬೇಕಿತ್ತು. ಅಣ್ಣ ತಲೆಯ ಹತ್ತಿರ ಕೂತು ನೊಣ ಓಡಿಸುತ್ತಿದ್ದರು.

“ನಿನಗೊಂದು ಹೇಳೂದೈತಿ,” ಎಂದರು ಕಾಕಾ. “ಆವತ್ತ ನಾ ನೀ ಬಾರಸೂದು ಕೇಳಲೇ ಇಲ್ಲ.”

ನಾನು ಅಣ್ಣನ ಮುಖ ನೋಡಿದೆ.

ಅಣ್ಣ ತಲೆ ತಗ್ಗಿಸಿದರು. “ತಪ್ಪು ನಂದವಾ. ವೇದಿಕಿ ಇಳದ ಕೂಡ್ಲೇ ಕೈ ಹಿಡದು ಎಳಕೊಂಡು ಹೋದೆ. ಕೆರಿ ಏರಿ ಮ್ಯಾಲ ಕೂಡಿಸಿ, ಯಾಕ ಹೇಳಲಿಲ್ಲಲೇ ಅಂತ ಅತ್ತೆ. ಇಬ್ಬರೂ ಅತ್ತಿವಿ. ನಿಮ್ಮ ಹಾಡು ಅಲ್ಲಿಗಿ ಮುಟ್ಟಲಿಲ್ಲ.”

“ಚಲೋ ಆತು ಅಂದೆ ನಾ,” ಎಂದರು ಕಾಕಾ. “ಕೇಳದನ ಹಂಗ ಅಂದೆ. ಅದೊಂದು ಸುಳ್ಳ ಉಳಕೊಂಡು ಚಿಂತಿ ಹತ್ತಿತ್ತು.”

ನಾನು ಬೆಡ್‌ಶೀಟು ಬಿಚ್ಚಿದೆ. ಆ ಮನೆಯಲ್ಲಿ ಸದ್ದಿನ ಪೆಟ್ಟಿಗೆ ಇರಲಿಲ್ಲ. ಅದಿಲ್ಲದೆ ಬೇಸ್ ಗಿಟಾರಿನ ದನಿ ಕೂತವರ ಮೊಣಕಾಲಿಗೂ ಮುಟ್ಟುವುದಿಲ್ಲ. ಹೊರಸಿನ ಪಕ್ಕ ನೆಲಕ್ಕೆ ಕೂತು, ಗಿಟಾರಿನ ಮೈಯನ್ನು ಹೊರಸಿನ ಮರಕ್ಕೆ ಆನಿಸಿ ಬಾರಿಸಿದೆ. ಹಗ್ಗ, ಮರ, ಎಲ್ಲ ಗುಂ ಎಂದವು. ಅವರ ಬೆನ್ನಡಿಗೆ ಅದು ಹೋದದ್ದು ಮುಖದಲ್ಲಿ ಗೊತ್ತಾಯಿತು. ಆ ಮದುವೆಯ ಮೊದಲ ಹಾಡನ್ನು ಪೂರ್ತಿ ಬಾರಿಸಿದೆ. ಬೆರಳು ಮೆತ್ತಗಾಗಿದ್ದವು, ಉರಿಯುತ್ತಿದ್ದವು. ಮುಗಿಸಿ ಅವರ ಮುಖ ನೋಡಿದೆ. ಕಣ್ಣು ಮುಚ್ಚಿತ್ತು. ನಿದ್ದೆ ಬಂದಿರಬೇಕೆಂದು ಅಣ್ಣ ನನಗೆ ಸನ್ನೆ ಮಾಡಿದರು.

ತುಟಿ ಅಲುಗಿದವು. ನಾನು ಬಾಗಿ ಕಿವಿ ಕೊಟ್ಟೆ.

“ಎರಡನೇ ಚರಣಕ್ಕ ಅವಸರ ಮಾಡಿದಿ,” ಎಂದರು ಕಾಕಾ. “ಇನ್ನೊಮ್ಮೆ ಬಾರಸು.”